ಉಪ್ಪುಗಾಳಿಯ ಊರಲ್ಲಿ ಕಾಗದದ ಸುರುಳಿ: ಕ್ವಿಲ್ಲಿಂಗ್ ಕಲಿಯುವವರಿಗೂ ಕಲಿಸುವವರಿಗೂ

ಬೇಸಿಗೆ ರಜೆ ಶುರುವಾದಾಗ ಒಮ್ಮೆ, ಚೌತಿ ಹತ್ತಿರ ಬಂದಾಗ ಇನ್ನೊಮ್ಮೆ ಓದುಗರು ಅವೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ಕ್ವಿಲ್ಲಿಂಗಿಗೆ ಏನೇನು ಕೊಳ್ಳಬೇಕು? ಸುತ್ತಿಟ್ಟ ಸುರುಳಿ ಮರುದಿನ ಯಾಕೆ ಸಡಿಲಾಗುತ್ತದೆ? ಮಳೆಗಾಲದಲ್ಲಿ ಜುಮುಕಿ ಯಾಕೆ ಮೆತ್ತಗಾಗುತ್ತದೆ? ಅಕ್ಕಪಕ್ಕದ ಮನೆಯ ಮಕ್ಕಳಿಗೆ ಹೇಳಿಕೊಡುವುದು ಹೇಗೆ? ನಾಲ್ಕಕ್ಕೂ ಉತ್ತರ ಒಂದೇ ಕಡೆ ಸಿಗಲಿ ಎಂದು ಇದನ್ನು ಬರೆದಿದ್ದೇವೆ. ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆ, ಎರಡನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ. ಬಯಲುಸೀಮೆಯ ಒಣ ಹವೆಯಲ್ಲಿ ಮಾಡಿದ ವಿಡಿಯೊ ನೋಡಿಕೊಂಡು ನಮ್ಮಲ್ಲಿ ಹಾಗೆಯೇ ಮಾಡಿದರೆ ಕೆಲಸ ಕೆಡುತ್ತದೆ. ಕೆಟ್ಟದ್ದು ಗಾಳಿಯ ತೇವದಿಂದ ಎಂದು ಗೊತ್ತಾಗದೆ, ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಟ್ಟವರು ಬಹಳ ಮಂದಿ. ಅವರಿಗೂ ಈ ಲೇಖನ.

ಕ್ವಿಲ್ಲಿಂಗ್ ಎಂದರೆ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ, ಆ ಸುರುಳಿಯನ್ನು ಬೆರಳಲ್ಲಿ ಹಿಸುಕಿ ಆಕಾರ ಕೊಟ್ಟು, ಆಕಾರಗಳನ್ನು ಜೋಡಿಸಿ ಚಿತ್ರವನ್ನೋ ಆಭರಣವನ್ನೋ ಮಾಡುವ ಕಲೆ. ಯುರೋಪಿನ ಮಠಗಳಲ್ಲಿ ಸನ್ಯಾಸಿನಿಯರು ಪುಸ್ತಕದ ಅಂಚಿನಿಂದ ಕತ್ತರಿಸಿದ ಹೊನ್ನಂಚಿನ ಕಾಗದವನ್ನು ಹಕ್ಕಿಯ ಗರಿಗೆ ಸುತ್ತಿ ಅಲಂಕಾರ ಮಾಡುತ್ತಿದ್ದರು. ಗರಿಯನ್ನು ಹೇಳುವ ‘ಕ್ವಿಲ್’ ಎಂಬ ಮಾತಿನಿಂದಲೇ ಈ ಹೆಸರು. ಕೈಕೆಲಸದ ಲೆಕ್ಕದಲ್ಲಿ ನಮ್ಮವರಿಗೆ ಇದು ದೂರದ್ದೇನಲ್ಲ. ಶಿರಸಿ, ಹೊನ್ನಾವರದ ಗುಡಿಗಾರರು ಬೆಂಡಿನಲ್ಲಿ ಮಾಡುವ ಬಾಸಿಂಗವನ್ನು ಹತ್ತಿರದಿಂದ ನೋಡಿ: ಹಗುರವಾದ ಚಿಕ್ಕ ಚಿಕ್ಕ ತುಂಡುಗಳು ಒಂದರ ಪಕ್ಕ ಒಂದು ಕೂತು ದೊಡ್ಡ ವಿನ್ಯಾಸವಾಗುತ್ತವೆ. ಕ್ವಿಲ್ಲಿಂಗ್ ನಡೆಯುವುದೂ ಹಾಗೆಯೇ.

1. ಸಾಮಾನು: ಕಡಿಮೆ ಕೊಳ್ಳಿ

ಮೊದಲ ತಿಂಗಳಿಗೆ ಇಷ್ಟು ಸಾಕು:

– 3 ಮಿಲಿಮೀಟರ್ ಅಗಲದ ಪಟ್ಟಿಗಳು, ನಾಲ್ಕು ಬಣ್ಣ, ಒಂದೊಂದರಲ್ಲಿ 100
– ಸೀಳುಸೂಜಿ ಒಂದು (ತುದಿಯಲ್ಲಿ ಸೀಳಿರುವ, ಹಿಡಿಯಿರುವ ಕಡ್ಡಿ, ಅಂಗಡಿಯಲ್ಲಿ ‘ಕ್ವಿಲ್ಲಿಂಗ್ ಟೂಲ್’ ಎಂದು ಕೇಳಿ)
– ಅಳತೆ ಹಲಗೆ ಒಂದು (ಬೇರೆ ಬೇರೆ ವ್ಯಾಸದ ದುಂಡನೆಯ ಗುಳಿಗಳಿರುವ ಪ್ಲಾಸ್ಟಿಕ್ ಹಲಗೆ)
– ಬಿಳಿ ಅಂಟು, ಫೆವಿಕಾಲ್ ಎಂಆರ್‌ನಂಥದ್ದು, ಚಿಕ್ಕ ಬಾಟಲಿ
– ಚೂಪು ತುದಿಯ ಚಿಮಟ, ಸಣ್ಣ ಕತ್ತರಿ, ಗುಂಡುಪಿನ್ನು, ಸ್ಕೇಲು
– ಹಳೆಯ ಚಪ್ಪಲಿಯ ದಪ್ಪ ರಬ್ಬರನ್ನೋ ಥರ್ಮೊಕೋಲ್ ತುಂಡನ್ನೋ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿದ ಕೆಲಸದ ಹಲಗೆ

ಬಾಚಣಿಗೆ, ಸುಕ್ಕುಯಂತ್ರ, ಜಾಲರಿ ಕತ್ತರಿಸುವ ಯಂತ್ರ ಎಲ್ಲ ಸೇರಿದ ದೊಡ್ಡ ಕಿಟ್ಟು ಈಗ ಬೇಡ. ಅದರಲ್ಲಿ ಬರುವ ಪಟ್ಟಿಗಳ ಬಣ್ಣ ಹೆಚ್ಚು, ಎಣಿಕೆ ಕಡಿಮೆ. ಒಂದು ಹೂವಿಗೆ ಒಂದೇ ಕೆಂಪು ಹನ್ನೆರಡು ಪಟ್ಟಿ ಬೇಕಾದಾಗ ಎಂಟೇ ಇರುತ್ತವೆ.

ಸೀಳುಸೂಜಿ ಸಿಗದಿದ್ದರೆ ತೆಂಗಿನ ಗರಿಯ ಗಟ್ಟಿ ಕಡ್ಡಿ ತೆಗೆದುಕೊಳ್ಳಿ. ತುದಿಯನ್ನು ಬ್ಲೇಡಿನಿಂದ 8 ಮಿಲಿಮೀಟರ್ ಸೀಳಿ, ಸೀಳು ಕೆಳಕ್ಕೆ ಇಳಿಯದಂತೆ ಅದರ ಬುಡಕ್ಕೆ ನೂಲು ಬಿಗಿದು ಕಟ್ಟಿ. ಇಪ್ಪತ್ತು ಮೂವತ್ತು ಸುರುಳಿಗೆ ಒಂದು ಕಡ್ಡಿ ಬರುತ್ತದೆ. ಮಕ್ಕಳ ತರಗತಿಗೆ ಇದೇ ಉತ್ತಮ, ಕಳೆದುಹೋದರೂ ಚಿಂತೆಯಿಲ್ಲ.

ಅಂಟಿನ ಬಗ್ಗೆ ಎರಡು ಎಚ್ಚರಿಕೆ. ಮೈದಾ ಅಂಟು, ಗಂಜಿ ಬೇಡ. ಜಿರಳೆಯೂ ಕಾಗದ ತಿನ್ನುವ ಬೆಳ್ಳಿಹುಳುವೂ ಹುಡುಕಿಕೊಂಡು ಬರುತ್ತವೆ, ಮಳೆಗಾಲದಲ್ಲಿ ಬೂಸಲೂ ಹಿಡಿಯುತ್ತದೆ. ತಕ್ಷಣ ಹಿಡಿಯುವ ಫೆವಿಕ್ವಿಕ್ ತರಹದ ಅಂಟೂ ಬೇಡ. ಕಾಗದದೊಳಗೆ ಇಳಿದು ಕಲೆ ಮಾಡುತ್ತದೆ, ತಪ್ಪಿ ಕೂತರೆ ತಿದ್ದಲು ಬರುವುದಿಲ್ಲ, ಬೆರಳಿಗೂ ಅಂಟುತ್ತದೆ.

2. ಪಟ್ಟಿ: ಕೊಂಡದ್ದೋ, ಕತ್ತರಿಸಿದ್ದೋ

ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು. ಕ್ವಿಲ್ಲಿಂಗಿಗೆ 100ರಿಂದ 130 ಸರಿ. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 70 ಅಥವಾ 80 ಇರುತ್ತದೆ. ಅದು ಕೈ ಪಳಗಿಸಲು ಸಾಕು, ಇಟ್ಟುಕೊಳ್ಳುವ ಕೆಲಸಕ್ಕೆ ಸಾಲದು. ನಮ್ಮ ತೇವದ ಗಾಳಿಯಲ್ಲಿ ಅಷ್ಟು ತೆಳುವಾದ ಸುರುಳಿ ಸೊರಗಿಹೋಗುತ್ತದೆ.

ಮನೆಯಲ್ಲೇ ಕತ್ತರಿಸುವುದಾದರೆ ಮೊದಲು ಕಾಗದದ ನಾರು ಯಾವ ಕಡೆಗಿದೆ ನೋಡಿ. ಹಾಳೆಯನ್ನು ಮಡಿಕೆ ಬೀಳದಂತೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಪಟ್ಟಿಯ ಉದ್ದ ಆ ಕಡೆಗೇ ಬರಬೇಕು. ಇದನ್ನು ನೋಡದೆ ಕತ್ತರಿಸಿದ ಪಟ್ಟಿ ಸುತ್ತುವಾಗ ಒಡೆದಂತಾಗಿ ಮೂಲೆ ಮೂಲೆಯಾಗುತ್ತದೆ, ಇಲ್ಲವೇ ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುತ್ತದೆ. ಉಕ್ಕಿನ ಸ್ಕೇಲು, ಹೊಸ ಕಟರ್ ಬ್ಲೇಡು, ಕೆಳಗೊಂದು ದಪ್ಪ ರಟ್ಟು ಇಟ್ಟುಕೊಂಡು ಕತ್ತರಿಸಿ. ಬ್ಲೇಡು ಮೊಂಡಾದರೆ ಅಂಚಿನಲ್ಲಿ ಎಳೆ ಏಳುತ್ತದೆ. ನಾಲ್ಕೈದು ಹಾಳೆಗೊಮ್ಮೆ ತುದಿ ಮುರಿದು ಹೊಸದು ಮಾಡಿಕೊಳ್ಳಿ. ಎ4 ಹಾಳೆಯ ಉದ್ದಕ್ಕೆ 3 ಮಿಲಿಮೀಟರಿನಂತೆ ಕೊಯ್ದರೆ ಸುಮಾರು 30 ಸೆಂಟಿಮೀಟರ್ ಉದ್ದದ 60-65 ಪಟ್ಟಿ ಕೈಗೆ ಸಿಗುತ್ತವೆ.

ಈ ಲೇಖನದಲ್ಲಿ ‘ಒಂದು ಪಟ್ಟಿ’ ಎಂದರೆ 30 ಸೆಂಟಿಮೀಟರ್. ಪೊಟ್ಟಣದ ಪಟ್ಟಿಗಳ ಉದ್ದ ಕಂಪನಿಗೊಂದು ತರ. ಕೊಂಡ ದಿನವೇ ಅಳೆದು ಪೊಟ್ಟಣದ ಮೇಲೆ ಬರೆದಿಡಿ. ಎರಡು ದಳ ಒಂದೇ ಗಾತ್ರ ಬರುತ್ತಿಲ್ಲ ಎಂಬ ದೂರಿಗೆ ಕಾರಣ ಬಹಳ ಸಲ ಇಷ್ಟೇ ಆಗಿರುತ್ತದೆ.

3. ಸುತ್ತುವುದು

ಪಟ್ಟಿಯ ಎರಡೂ ಮುಖ ಒಂದೇ ತರ ಇರುವುದಿಲ್ಲ. ಬೆರಳು ಆಡಿಸಿದರೆ ಒಂದು ಕಡೆ ಅಂಚು ನಯವಾಗಿ ಕೆಳಕ್ಕೆ ಬಾಗಿರುತ್ತದೆ, ಇನ್ನೊಂದು ಕಡೆ ಸ್ವಲ್ಪ ಚೂಪು ತಾಗುತ್ತದೆ. ಪ್ರತಿ ಸಲ ನಯವಾದ ಮುಖವನ್ನೇ ಹೊರಗಿಟ್ಟು ಸುತ್ತಿ. ಹತ್ತು ಸುರುಳಿ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಾಣುತ್ತದೆ.

ಪಟ್ಟಿಯ ತುದಿಯನ್ನು ಸೀಳಿನೊಳಗೆ ಸರಿಯಾಗಿ ಅಷ್ಟೇ ತೂರಿಸಿ. ಆಚೆ ಬದಿಗೆ ಇಣುಕಬಾರದು. ಇಣುಕಿದರೆ ನಡುವೆ ಬಾಲ ಉಳಿಯುತ್ತದೆ. ಬಲಗೈಯಲ್ಲಿ ಸೂಜಿ ತಿರುಗಿಸಿ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಪಟ್ಟಿಯನ್ನು ಹಿಡಿದು ಅಂಚು ಸಮ ಮಾಡುತ್ತಿರಲಿ. ಎಡಗೈ ಬಳಕೆಯವರು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡಿಕೊಳ್ಳಿ. ಹಿಡಿತ ಒಂದೇ ಸಮ ಇರಬೇಕು. ಮೊದಲ ನೂರು ಸುರುಳಿಯಲ್ಲಿ ಕಲಿಯಬೇಕಾದದ್ದು ಇದೊಂದೇ, ಅದಕ್ಕೇ ಚಿತ್ರದ ಆಸೆಗೆ ಹೋಗದೆ ಬರೀ ಸುರುಳಿ ಸುತ್ತಿ.

ಸುತ್ತಿ ಮುಗಿದ ಮೇಲೆ ಸೂಜಿಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಹೊರಕ್ಕೆ ಎಳೆಯಿರಿ. ಸುರುಳಿಯನ್ನು ಹಿಡಿದು ಎಳೆದರೆ ನಡುಭಾಗ ಲಾಳಿಕೆಯಂತೆ ಹೊರಗೆ ಬರುತ್ತದೆ.

ಅಂಟು ಎಷ್ಟು? ಅರ್ಧ ಸಾಸಿವೆ ಕಾಳಿನಷ್ಟು. ಬಾಟಲಿಯಿಂದ ನೇರ ಹಾಕಬೇಡಿ. ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಹನಿ ತೆಗೆದುಕೊಂಡು ಗುಂಡುಪಿನ್ನಿನ ತುದಿಯಿಂದ ಪಟ್ಟಿಯ ಕೊನೆಗೆ ಮುಟ್ಟಿಸಿ, ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಪಟ್ಟಿಯ ಕೊನೆಯನ್ನು ಕತ್ತರಿಸುವ ಬದಲು ಬೆರಳಿನಿಂದ ಹರಿದರೆ ಅಂಚು ತೆಳುವಾಗಿ, ಅಂಟಿಸಿದ ಜಾಗ ಕಣ್ಣಿಗೆ ಬೀಳುವುದಿಲ್ಲ.

ಮರುದಿನ ಸಡಿಲಾಗುವ ಸಮಸ್ಯೆಗೆ ಮೂರು ಕಾರಣ. ಅಂಟು ಹೆಚ್ಚಾಗಿ, ಹೊರಗೆ ಒಣಗಿ ಒಳಗೆ ಹಸಿ ಉಳಿದಿರಬಹುದು. ಪಟ್ಟಿಯೇ ತೇವ ಹೀರಿಕೊಂಡಿರಬಹುದು. ಅಂಥ ಪಟ್ಟಿಯ ಸುರುಳಿ ಒಣಗುವಾಗ ಕುಗ್ಗಿ ಪದರಗಳ ನಡುವೆ ಸಂದು ಬಿಡುತ್ತದೆ. ಅಥವಾ ಬೆರಳಿನ ಬೆವರು. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯಲ್ಲಿ ಮೂರನೆಯದೇ ದೊಡ್ಡದು. ಪಕ್ಕದಲ್ಲಿ ಒಣ ಬಟ್ಟೆ ಇಟ್ಟುಕೊಂಡು ಐದು ಸುರುಳಿಗೊಮ್ಮೆ ಕೈ ಒರೆಸಿ. ಫ್ಯಾನನ್ನು ಮೇಜಿನ ಮೇಲೆ ಬೀಸದಂತೆ ನಿಮ್ಮ ಬೆನ್ನ ಹಿಂದೆ ಇಡಿ.

4. ಆರು ಆಕಾರ

ಬಿಗಿ ಸುರುಳಿ: ಸೂಜಿಯಿಂದ ತೆಗೆಯುವ ಮೊದಲೇ ಅಂಟಿಸಿದ್ದು. ಒಂದು ಪಟ್ಟಿಯದು ಅಂದಾಜು 7-8 ಮಿಲಿಮೀಟರ್ ವ್ಯಾಸ ಬರುತ್ತದೆ.

ಸಡಿಲ ಸುರುಳಿ: ಸೂಜಿಯಿಂದ ತೆಗೆದು ಅಳತೆ ಹಲಗೆಯ ಗುಳಿಯಲ್ಲಿ ಬಿಟ್ಟರೆ ತಾನೇ ಹಿಗ್ಗಿ ಗುಳಿ ತುಂಬುತ್ತದೆ. ಆಗ ಕೊನೆ ಅಂಟಿಸಿ. ಉಳಿದ ನಾಲ್ಕೂ ಇದರಿಂದಲೇ.

ಹನಿ: ಸಡಿಲ ಸುರುಳಿಯ ನಡುಭಾಗವನ್ನು ಚಿಮಟದಿಂದ ಒಂದು ಬದಿಗೆ ಸರಿಸಿ, ಎದುರು ಬದಿಯನ್ನು ಚಿವುಟಿ. ಕಣ್ಣು: ಎದುರುಬದುರು ಎರಡು ಕಡೆ ಚಿವುಟಿ. ಎಲೆ: ಕಣ್ಣಿನ ಎರಡು ತುದಿಯನ್ನು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಬಾಗಿಸಿ. ಅರ್ಧಚಂದ್ರ: ಕಣ್ಣನ್ನು ಪೆನ್ಸಿಲಿಗೆ ಒತ್ತಿ ಬಾಗಿಸಿ.

ಚಿವುಟುವುದು ಎಂದರೆ ಒಮ್ಮೆ, ಗಟ್ಟಿಯಾಗಿ, ಉಗುರು ತಾಗಿಸಿ. ಮೆಲ್ಲಗೆ ನಾಲ್ಕು ಸಲ ಒತ್ತಿದರೆ ತುದಿ ಮೊಂಡಾಗಿ ಬಾಯಿ ಬಿಡುತ್ತದೆ. ಅಂಟಿಸಿದ ಜಾಗ ಚಿವುಟಿದ ಮೂಲೆಗೇ ಬರುವಂತೆ ನೋಡಿಕೊಂಡರೆ ಮರೆಯಾಗುತ್ತದೆ. ಬೇರೆ ಆಕಾರಗಳ ಹೆಸರು ಹತ್ತಾರು ಇವೆ, ಈ ಆರು ಕೈಗೆ ಬಂದರೆ ಅವನ್ನು ನೋಡಿದ ಕೂಡಲೇ ಮಾಡಲು ಬರುತ್ತದೆ.

5. ಮೊದಲ ಕೆಲಸ: ದಾಸವಾಳದ ಕಾರ್ಡು

ದಾಸವಾಳ ಪ್ರತಿ ಅಂಗಳದಲ್ಲಿದೆ, ಎದುರಿಟ್ಟುಕೊಂಡು ನೋಡಬಹುದು. ಐದೇ ದಳ, ನಡುವೆ ಒಂದೇ ಉದ್ದ ಕೇಸರ. ಗುಲಾಬಿಗಿಂತ ಇದು ಹೊಸಬರಿಗೆ ಎಷ್ಟೋ ಸುಲಭ.

ದಳ: ಎರಡೆರಡು ಕೆಂಪು ಪಟ್ಟಿಯನ್ನು ತುದಿಗೆ ತುದಿ ಅಂಟಿಸಿ 60 ಸೆಂಟಿಮೀಟರ್ ಮಾಡಿ. ಸುತ್ತಿ, 22 ಮಿಲಿಮೀಟರ್ ಗುಳಿಯಲ್ಲಿ (ಇಲ್ಲದಿದ್ದರೆ ಹತ್ತಿರದ ಅಳತೆಯಲ್ಲಿ) ಬಿಟ್ಟು, ಹನಿ ಮಾಡಿ. ಇಂಥವು ಐದು. ಮೇಲಿನ ದುಂಡು ಅಂಚನ್ನು ಎರಡು ಕಡೆ ತುಸು ಒಳಕ್ಕೆ ಒತ್ತಿದರೆ ದಳ ಅಲೆ ಅಲೆಯಾಗುತ್ತದೆ.

ಕೇಸರ: ಕೆಂಪು ಪಟ್ಟಿಯನ್ನು 45 ಮಿಲಿಮೀಟರ್ ಉದ್ದಕ್ಕೆ ಮೂರು ಮಡಿಕೆ ಮಡಚಿ ಅಂಟಿಸಿ. ಹಳದಿ ಪಟ್ಟಿಯಿಂದ 4 ಸೆಂಟಿಮೀಟರಿನ ಐದು ತುಂಡು ಕತ್ತರಿಸಿ ಐದು ಬಿಗಿ ಸುರುಳಿ ಮಾಡಿ ತುದಿಯ ಎರಡೂ ಬದಿಗೆ ಜೋಡಿಸಿ.

ಎಲೆ: ಒಂದೊಂದು ಹಸಿರು ಪಟ್ಟಿ, 20 ಮಿಲಿಮೀಟರ್ ಗುಳಿ, ಕಣ್ಣಿನ ಆಕಾರ, ಎರಡು.

ಎ5 ಅಳತೆಯ ಗಟ್ಟಿ ಕಾಗದವನ್ನು ಮಡಚಿ ಕಾರ್ಡು ಮಾಡಿಕೊಳ್ಳಿ. 200 ಜಿಎಸ್‌ಎಂಗಿಂತ ತೆಳುವಾದರೆ ಹೂವಿನ ಭಾರಕ್ಕೂ ಅಂಟಿನ ತೇವಕ್ಕೂ ಡೊಂಕಾಗುತ್ತದೆ. ಅಂಟಿಸುವ ಮೊದಲು ಎಲ್ಲವನ್ನೂ ಒಣದಾಗಿಯೇ ಜೋಡಿಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಆಮೇಲೆ ಮೊದಲು ದಳ, ನಂತರ ಎಲೆ, ಕೊನೆಗೆ ಕೇಸರ. ತುಂಡನ್ನು ಚಿಮಟದಲ್ಲಿ ಹಿಡಿದು ತೆಳುವಾಗಿ ಹರಡಿದ ಅಂಟಿನ ಮೇಲೆ ಮುಟ್ಟಿಸಿ ತೆಗೆದರೆ ಅಂಚಿಗಷ್ಟೇ ಅಂಟು ಹತ್ತುತ್ತದೆ. ಮಾಡಿದ ಕಾರ್ಡಿನ ಮೇಲೆ ಭಾರ ಹೇರಬೇಡಿ, ಸುರುಳಿ ಚಪ್ಪಟೆಯಾಗುತ್ತದೆ. 24 ಗಂಟೆ ಬಿಡಿ, ಜುಲೈಯಲ್ಲಾದರೆ ಎರಡು ದಿನ.

ಇದಾದ ಮೇಲೆ ಅಡಿಕೆಯ ಸಿಂಗಾರ (ಅಡಿಕೆಯ ಹೂಗೊನೆ) ಪ್ರಯತ್ನಿಸಿ: ತಿಳಿಹಳದಿ ಪಟ್ಟಿಯ ಕವಲುಗಳು, ಅವುಗಳ ಮೇಲೆ 6 ಸೆಂಟಿಮೀಟರ್ ಪಟ್ಟಿಯಿಂದ ಮಾಡಿದ ಪುಟ್ಟ ಹನಿಗಳು, ನಲವತ್ತೋ ಐವತ್ತೋ. ತಾಳ್ಮೆಯ ಕೆಲಸ, ಆದರೆ ಕೈ ಪಳಗುವುದು ಇಂಥದ್ದರಲ್ಲೇ. ಯಕ್ಷಗಾನದ ಬಡಗುತಿಟ್ಟಿನ ಕೇದಗೆ ಮುಂದಲೆಯನ್ನು (ವೇಷಧಾರಿ ತಲೆಗೆ ಕಟ್ಟುವ ಮುಂಡಾಸು) ಕ್ವಿಲ್ಲಿಂಗಿನಲ್ಲಿ ಮಾಡಬೇಕೆಂಬ ಆಸೆ ಹಲವರಿಗಿದೆ. ಮಾಡಬಹುದು, ಆದರೆ ಮುನ್ನೂರು ಸುರುಳಿ ಸುತ್ತಿದ ಮೇಲೆ.

6. ಜುಮುಕಿ

ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ, ಅತಿ ಹೆಚ್ಚು ಕೆಡುವುದೂ ಇದೇ.

ಬಾಯಿಯ ವ್ಯಾಸ 25 ಮಿಲಿಮೀಟರ್ ಬೇಕಾದರೆ ಸುಮಾರು ಮೂರೂಕಾಲು ಮೀಟರ್ ಕಾಗದ ಬೇಕು, ಅಂದರೆ ಹನ್ನೊಂದು ಪಟ್ಟಿ. ಒಂದಾದ ಮೇಲೊಂದನ್ನು ತುದಿಗೆ ತುದಿ ತಾಗಿಸಿ ಅಂಟಿಸುತ್ತ ಒಂದೇ ದೊಡ್ಡ ಬಿಗಿ ಸುರುಳಿ ಸುತ್ತಿ. ತುದಿ ಒಂದರ ಮೇಲೊಂದು ಹತ್ತಿದರೆ ಆ ಜಾಗದಲ್ಲಿ ಉಬ್ಬು ಬರುತ್ತದೆ. ಎರಡೂ ಕಿವಿಯದಕ್ಕೆ ಒಂದೇ ಪೊಟ್ಟಣದ ಪಟ್ಟಿ, ಒಂದೇ ಎಣಿಕೆ. ಬಣ್ಣ ಬದಲಾಗುವ ಜಾಗವನ್ನೂ ಎಣಿಸಿ ಬರೆದುಕೊಳ್ಳಿ.

ಕೊನೆ ಅಂಟಿಸಿ ಅರ್ಧ ಗಂಟೆ ಬಿಟ್ಟು, ಬಿಲ್ಲೆಯನ್ನು ದೊಡ್ಡ ಗೋಲಿಯ ಮೇಲೆ ಅಥವಾ ಗುಮ್ಮಟದ ಅಚ್ಚಿನ ಮೇಲೆ ಇಟ್ಟು ಹೊರ ಅಂಚಿನಿಂದ ಕೆಳಕ್ಕೆ ನಿಧಾನ ಒತ್ತಿ, ತಿರುಗಿಸುತ್ತ ಒತ್ತಿ. ಪದರಗಳು ಒಂದರ ಮೇಲೊಂದು ಜಾರಿ ಗಂಟೆಯ ಆಕಾರ ಬರುತ್ತದೆ. ನಡುಭಾಗ ಪುಸಕ್ಕನೆ ಹೊರಬಂದರೆ ಸುತ್ತಿದ್ದು ಸಡಿಲ; ಬಿಚ್ಚಿ ಮತ್ತೆ ಸುತ್ತಬೇಕು, ತೇಪೆ ಹಾಕಿದರೆ ನಿಲ್ಲದು. ಎಷ್ಟು ಒತ್ತಿದರೂ ಜರುಗದಿದ್ದರೆ ಪದರಗಳ ನಡುವೆ ಅಂಟು ಇಳಿದಿದೆ.

ಆಕಾರ ಬಂದ ಕೂಡಲೇ ಒಳಮೈಗೆ ಅಂಟನ್ನು ಸಣ್ಣ ಬ್ರಶ್ಶಿನಿಂದ ತೆಳುವಾಗಿ ಸವರಿ, ಬಾಯಿ ಮೇಲಾಗಿ ಇಟ್ಟು ಒಣಗಿಸಿ. ಬಿಳಿ ಬಣ್ಣ ಹೋಗಿ ಪಾರದರ್ಶಕವಾದಾಗ ಇನ್ನೊಂದು ಸಲ. ಗಟ್ಟಿತನ ಬರುವುದು ಈ ಒಳಲೇಪದಿಂದ, ಹೊರಗಿನ ವಾರ್ನಿಶಿನಿಂದ ಅಲ್ಲ. ಇದನ್ನು ಬಿಟ್ಟು ಹೊರಗೆ ಮೂರು ಸಲ ವಾರ್ನಿಶ್ ಬಳಿದವರ ಜುಮುಕಿಯೇ ಮಳೆಯಲ್ಲಿ ಮೆತ್ತಗಾಗುವುದು.

ಹೊರಲೇಪ: ನೀರಿನಲ್ಲಿ ಕರಗುವ ವಾರ್ನಿಶ್ಶಿಗೆ ವಾಸನೆ ಕಡಿಮೆ, ಆದರೆ ಮೊದಲ ಪದರ ದಪ್ಪವಾದರೆ ಕಾಗದ ಉಬ್ಬುತ್ತದೆ. ಬ್ರಶ್ಶನ್ನು ಒರೆಸಿ, ಬಹುತೇಕ ಒಣಗಿದಂತಿರುವಾಗ ಬಳಿಯಿರಿ. ಥಿನ್ನರಿನಲ್ಲಿ ಕರಗುವ ಲ್ಯಾಕರಿಗೆ ನೀರು ತಡೆಯುವ ಶಕ್ತಿ ಹೆಚ್ಚು; ಕಿಟಕಿ ತೆರೆದ ಕೋಣೆಯಲ್ಲಿ, ಒಲೆ, ದೀಪದಿಂದ ದೂರ, ಮಕ್ಕಳಿಲ್ಲದಾಗ ಬಳಸಿ. ಮಳೆ ಹೊಯ್ಯುತ್ತಿರುವ ದಿನ ಇದನ್ನು ಹಚ್ಚಲೇಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುತ್ತದೆ, ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಮಧ್ಯಾಹ್ನದ ಹೊತ್ತಿಗೆ ಹಚ್ಚಿ.

ಸೂಜಿಯಿಂದ ಸುತ್ತಿದ ಸುರುಳಿಯ ನಡುವೆ ಸಣ್ಣ ರಂಧ್ರ ತಾನಾಗಿಯೇ ಉಳಿದಿರುತ್ತದೆ. ತುದಿಯಲ್ಲಿ ಬಳೆಯಿರುವ ಪಿನ್ನಿಗೆ (ಐಪಿನ್) ಒಂದು ಮಣಿ ಪೋಣಿಸಿ, ಒಳಗಿನಿಂದ ಈ ರಂಧ್ರದ ಮೂಲಕ ಹೊರತೆಗೆದು, ಮೇಲ್ತುದಿಯನ್ನು ಇಕ್ಕಳದಿಂದ ಬಳೆ ಮಾಡಿ ಕೊಕ್ಕೆಗೆ ಸೇರಿಸಿ. ಕೊಕ್ಕೆಯನ್ನು ಕೊಳ್ಳುವಾಗ ಒಂದು ಅಯಸ್ಕಾಂತ ಜೊತೆಗಿರಲಿ. ಗಟ್ಟಿಯಾಗಿ ಅಂಟಿಕೊಂಡರೆ ಹೊಳಪಿನ ಕೆಳಗಿರುವುದು ಕಬ್ಬಿಣ, ಕಾರವಾರದ ಗಾಳಿಗೆ ಬೇಗ ತುಕ್ಕು ಹಿಡಿದು ಕಿವಿಗೂ ಕಾಗದಕ್ಕೂ ಕಲೆ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆಗೆ ಸ್ವಲ್ಪ ಹೆಚ್ಚು ಕೊಡಬೇಕಾದರೂ ಅದನ್ನೇ ಕೊಳ್ಳಿ.

7. ತೇವವನ್ನು ಹೊರಗಿಡುವುದು

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಕಾಗದಕ್ಕೆ ಕಷ್ಟಕಾಲ. ಮೇ ಕೊನೆಯೊಳಗೆ ಈ ತಯಾರಿ ಮುಗಿಸಿ.

ಪಟ್ಟಿಗಳನ್ನು ಬಣ್ಣಕ್ಕೊಂದರಂತೆ ಜಿಪ್ ಚೀಲದಲ್ಲಿ ಹಾಕಿ, ಚೀಲಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ತೇವ ಹೀರುವ ಹರಳು, ಹೊಸ ಚಪ್ಪಲಿ, ಚೀಲಗಳ ಜೊತೆ ಬರುತ್ತದಲ್ಲ, ಅದೇ. ಹಳೆಯ ಪೊಟ್ಟಣಗಳು ಈಗಾಗಲೇ ತೇವ ಕುಡಿದು ತುಂಬಿರುತ್ತವೆ, ಅವನ್ನು ಹಾಗೆಯೇ ಹಾಕಿದರೆ ಪ್ರಯೋಜನವಿಲ್ಲ. ಬಣ್ಣ ಬದಲಾಯಿಸುವ ಹರಳು ಕೊಂಡರೆ ಯಾವಾಗ ತುಂಬಿತು ಎಂದು ಕಣ್ಣಿಗೇ ಕಾಣುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟಿನ ವಿಷದ ಅಂಶವಿದೆ. ಮಕ್ಕಳ ಕೈಗೆ ಕೊಡಬೇಡಿ, ಮತ್ತೆ ಒಣಗಿಸಲೆಂದು ಅಡುಗೆಯ ಬಾಣಲೆಯಲ್ಲಿ ಬಿಸಿ ಮಾಡಬೇಡಿ. ಸಿಲಿಕಾ ಜೆಲ್ ಬದಲು ಅಕ್ಕಿ ಹಾಕುವ ರೂಢಿ ಇದೆ. ಅಕ್ಕಿ ಹೀರುವುದು ಅತ್ಯಲ್ಪ, ಹುಳ ಮಾತ್ರ ಖಂಡಿತ.

ಡಬ್ಬಿಯಿಂದ ಆ ದಿನಕ್ಕೆ ಬೇಕಾದಷ್ಟೇ ಪಟ್ಟಿ ತೆಗೆಯಿರಿ. ಪಟ್ಟಿ ಒಣಗಿದೆಯೇ ಎಂದು ತಿಳಿಯಲು ಒಂದು ತುದಿ ಹಿಡಿದು ಅಡ್ಡಲಾಗಿ ಚಾಚಿ. ಒಣ ಪಟ್ಟಿಗಿಂತ ಹೆಚ್ಚು ಜೋತುಬಿದ್ದರೆ ತೇವ ಹಿಡಿದಿದೆ. ಹಳೆಯ ಮಾದರಿಯ, ಬಿಸಿಯಾಗುವ ಬಲ್ಬಿನ ಮೇಜುದೀಪದ ಕೆಳಗೆ ಒಂದಡಿ ದೂರದಲ್ಲಿ ಹದಿನೈದು ನಿಮಿಷ ಹರಡಿದರೆ ಸರಿಹೋಗುತ್ತದೆ. ಎಲ್‌ಇಡಿ ದೀಪದಿಂದ ಈ ಕೆಲಸ ಆಗದು. ಘಟ್ಟದ ಮೇಲಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಮಾಡಿದ ಕೆಲಸವನ್ನು ಅಲ್ಲಿ ಇಡುವವರಿದ್ದಾರೆ. ಅಡಿಕೆಗೆ ಸರಿ, ಕಾಗದಕ್ಕೆ ಬೇಡ. ಹೊಗೆಗೆ ಬಿಳಿ ಕಾಗದ ಒಂದೇ ತಿಂಗಳಲ್ಲಿ ಹಳದಿಯಾಗಬಹುದು.

ಗೋಡೆಗೆ ಹಾಕುವ ಚಿತ್ರಕ್ಕೆ ಒಂದಿಂಚು ಆಳದ ಪೆಟ್ಟಿಗೆ ಚೌಕಟ್ಟು ಮಾಡಿಸಿ, ಗಾಜು ಸುರುಳಿಗೆ ತಾಗಬಾರದು. ಚೌಕಟ್ಟು ಕಟ್ಟಿಸುವುದು ಡಿಸೆಂಬರ್‌ನಿಂದ ಮಾರ್ಚ್‌ನೊಳಗೆ ಒಳ್ಳೆಯದು. ಮಳೆಗಾಲದಲ್ಲಿ ಕಟ್ಟಿದರೆ ತೇವವನ್ನು ಒಳಗೇ ಮುಚ್ಚಿ ಬೂಸಲು ಬೆಳೆಸಿದ ಹಾಗೆ. ಹಿಂಬದಿಯ ರಟ್ಟಿನ ಅಂಚಿಗೆ ಸುತ್ತಲೂ ಕಾಗದದ ಟೇಪು ಹಚ್ಚಿ. ಪಡುವಣ ಗೋಡೆಗೆ ಮಳೆ ಹೊಡೆದು ಒಳಗೆ ಬೆವರುತ್ತದೆ, ಅಲ್ಲಿ ತೂಗುಹಾಕಬೇಡಿ. ಯಾವ ಗೋಡೆಯಾದರೂ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ ಗಾಳಿ ಆಡಲು ಸಂದು ಬಿಡಿ. ನೇರ ಬಿಸಿಲೂ ಬೇಡ, ಬಣ್ಣ ಮಾಸುತ್ತದೆ.

8. ಕಲಿಸುವುದು, ಹಂಚಿಕೊಳ್ಳುವುದು

ನಿಮಗೆ ಆರು ಆಕಾರ ಬಂದರೆ ಕಲಿಸಲು ಅಷ್ಟೇ ಅರ್ಹತೆ ಸಾಕು. ಪರಿಣತರಾಗುವವರೆಗೆ ಕಾಯಬೇಡಿ, ಇನ್ನೊಬ್ಬರಿಗೆ ತೋರಿಸುವಾಗಲೇ ನಮ್ಮ ಹಿಡಿತದ ತಪ್ಪು ನಮಗೆ ಕಾಣುವುದು.

ಹತ್ತು ಜನರ, ಎರಡು ಗಂಟೆಯ ಒಂದು ತರಗತಿಗೆ ಲೆಕ್ಕ: ದಾಸವಾಳದ ಕಾರ್ಡಿಗೆ ಒಬ್ಬರಿಗೆ 14 ಪಟ್ಟಿ, ಅಭ್ಯಾಸಕ್ಕೆ 6, ಒಟ್ಟು 20. ಹತ್ತು ಜನಕ್ಕೆ 200. ನೀವೇ ಕತ್ತರಿಸುವುದಾದರೆ ಕೆಂಪು ಎರಡು ಹಾಳೆ, ಹಸಿರು ಒಂದು, ಹಳದಿ ಒಂದು. ಸೀಳುಕಡ್ಡಿ 15, ಇಬ್ಬರಿಗೊಂದು ಅಳತೆ ಹಲಗೆ, ಒಬ್ಬೊಬ್ಬರಿಗೆ ಅಂಟಿನ ಮುಚ್ಚಳ, ಒರೆಸುವ ಬಟ್ಟೆ. ಪಟ್ಟಿಗಳನ್ನು ಎಣಿಸಿ ಒಬ್ಬೊಬ್ಬರ ಲಕೋಟೆ ಮಾಡಿ ಇಟ್ಟರೆ ತರಗತಿಯ ಅರ್ಧ ಗದ್ದಲ ಕಡಿಮೆ.

ಮೊದಲ 30 ನಿಮಿಷ ಬಿಗಿ ಸುರುಳಿ, ಅಂಟಿಲ್ಲದೆ. ಮುಂದಿನ 30 ನಿಮಿಷ ಸಡಿಲ ಸುರುಳಿ ಮತ್ತು ಹನಿ. ಉಳಿದ ಒಂದು ಗಂಟೆ ಹೂವು. ಎಲ್ಲರ ಹೂವೂ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಉಳಿದ ಪಟ್ಟಿಯನ್ನು ಲಕೋಟೆ ಸಮೇತ ಮನೆಗೆ ಕಳಿಸಿ. ಕಲಿಸುವವರ ದೊಡ್ಡ ತಪ್ಪು ಎಂದರೆ ಮಗುವಿನ ಕೈಯಿಂದ ಕಡ್ಡಿ ತೆಗೆದುಕೊಂಡು ತಾವೇ ಮುಗಿಸಿಕೊಡುವುದು. ಕಾರ್ಡು ಚಂದವಾಗುತ್ತದೆ, ಆದರೆ ಮಗು ಮನೆಗೆ ಹೋಗಿ ಇನ್ನೊಂದು ಮಾಡುವುದಿಲ್ಲ. ನಿಮ್ಮ ಕೈಯಲ್ಲಿ ನಿಮ್ಮದೇ ಪಟ್ಟಿ ಇರಲಿ, ಪಕ್ಕದಲ್ಲಿ ಕೂತು ಅದರಲ್ಲೇ ತೋರಿಸಿ. ಎದುರು ಕೂತರೆ ಎಡಬಲ ತಿರುಗುಮುರುಗಾಗುತ್ತದೆ.

ಎಂಟು ವರ್ಷದ ಮೇಲಿನವರಿಗೆ 3 ಮಿಲಿಮೀಟರ್ ಪಟ್ಟಿ ಆಗುತ್ತದೆ. ಅದಕ್ಕಿಂತ ಚಿಕ್ಕವರಿಗೆ 10 ಮಿಲಿಮೀಟರ್ ಪಟ್ಟಿ, ಸೂಜಿಯ ಬದಲು ಪೆನ್ಸಿಲು. ಗುಂಡುಪಿನ್ನು ಬೇಡವೇ ಬೇಡ. ಅಜ್ಜ ಅಜ್ಜಿಯರು ಕೂತರೆ 5 ಮಿಲಿಮೀಟರ್ ಪಟ್ಟಿ ಕೊಡಿ, ಸೂಜಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಹಿಂದೆ ಬಿಳಿ ಬಟ್ಟೆ ಹಾಸಿ ಗಾಢ ಬಣ್ಣದ ಪಟ್ಟಿಯನ್ನೇ ಆರಿಸಿ. ಹೂಮಾಲೆ ಕಟ್ಟಿ ಪಳಗಿದ ಬೆರಳುಗಳು ಸುರುಳಿಯನ್ನು ಬೇಗ ಹಿಡಿಯುತ್ತವೆ.

ಚೌತಿಗೆ ಮನೆಯವರೆಲ್ಲ ಸೇರಿ ಮಂಟಪದ ಹಿನ್ನೆಲೆ ಮಾಡುವುದು ಒಳ್ಳೆಯ ಉಪಾಯ. ಜುಲೈಯಲ್ಲೇ ಶುರುಮಾಡಿ, ತುಂಡುಗಳನ್ನು ಡಬ್ಬಿಯಲ್ಲಿ ಕೂಡಿಡಿ, ಹಬ್ಬಕ್ಕೆ ನಾಲ್ಕು ದಿನ ಇರುವಾಗ ರಟ್ಟಿಗೆ ಜೋಡಿಸಿ. ದೀಪ, ಕರ್ಪೂರ, ಊದಿನಕಡ್ಡಿಯಿಂದ ಕನಿಷ್ಠ ಎರಡಡಿ ದೂರ ಇರಲಿ. ವಾರ್ನಿಶ್ ಹಚ್ಚಿದ ಕಾಗದಕ್ಕೆ ಬೆಂಕಿ ತಟ್ಟನೆ ಹಿಡಿಯುತ್ತದೆ. ಮೂರ್ತಿಯ ಜೊತೆ ಇದನ್ನು ನೀರಿಗೆ ಬಿಡದೆ ತೆಗೆದಿಟ್ಟು ಮುಂದಿನ ವರ್ಷ ಬಳಸಿ.

ಬೇರೆಯವರ ವಿನ್ಯಾಸ ನೋಡಿ ಮಾಡಿದ್ದನ್ನು ತೋರಿಸುವಾಗ ಅವರ ಹೆಸರು ಹೇಳಿ, ಮಾರುವುದಾದರೆ ಅವರನ್ನು ಕೇಳಿ. ಕಾರವಾರದ ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಇಂಥ ಕಡೆ ಮಾರುವ ಆಲೋಚನೆ ಇದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಜೊತೆ ಜುಮುಕಿಯನ್ನು ಜುಲೈಯಲ್ಲಿ ಏಳು ದಿನ ಬಚ್ಚಲಮನೆಯ ಹೊರಗಿನ ಗೂಟಕ್ಕೆ ತೂಗುಹಾಕಿ. ಬಾಯಿ ಒತ್ತಿದಾಗ ಬಗ್ಗದೆ, ಕೊಕ್ಕೆಗೆ ತುಕ್ಕಿಲ್ಲದೆ ಉಳಿದರೆ ಮಾತ್ರ ಆ ವಿಧಾನದಲ್ಲಿ ಮಾಡಿದ್ದನ್ನು ಹಣಕ್ಕೆ ಕೊಡಿ. ಬೆಲೆಯನ್ನು ಸಾಮಾನಿನ ಖರ್ಚಿನ ಮೇಲೆ ಹಾಕಬೇಡಿ, ಅದು ಕೆಲವೇ ರೂಪಾಯಿ. ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಟ್ಟು, ಗಂಟೆಗಿಷ್ಟು ಎಂದು ಲೆಕ್ಕ ಹಾಕಿ. ಜುಮುಕಿಯ ಜೊತೆ ಒಂದು ಚೀಟಿ ಇಡಿ: ನೀರು, ಅತ್ತರು ತಾಗಿಸಬೇಡಿ, ಮಲಗುವಾಗ ತೆಗೆದಿಡಿ.

ದೂರದವರಿಗೆ ಅಂಚೆಯಲ್ಲಿ ಕಳಿಸುವಾಗ ಲಕೋಟೆ ಸಾಲದು, ಸೀಲು ಬಿದ್ದಲ್ಲೇ ಸುರುಳಿ ಚಪ್ಪಟೆಯಾಗುತ್ತದೆ. ಕಾರ್ಡಿಗಿಂತ ಎಲ್ಲ ಬದಿಗೂ ಒಂದು ಸೆಂಟಿಮೀಟರ್ ದೊಡ್ಡ ಗಟ್ಟಿ ರಟ್ಟಿನ ಪೆಟ್ಟಿಗೆ, ಮಿಠಾಯಿಯದ್ದಾದರೂ ಸರಿ, ಎಣ್ಣೆ ಜಿಡ್ಡು ಇರದಿದ್ದರೆ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿ, ಪೆಟ್ಟಿಗೆಯ ತಳಕ್ಕೆ ನಾಲ್ಕು ಮೂಲೆಯಲ್ಲಿ ಟೇಪಿನಿಂದ ಹಿಡಿಸಿ. ಮುಚ್ಚಳ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ, ಖಾಲಿ ಜಾಗಕ್ಕೆ ಕಾಗದದ ಉಂಡೆ ತುಂಬಿ ಮತ್ತೆ ಕಟ್ಟಿ.